ಕಷ್ಟದ ದಿನಗಳಲ್ಲಿ ಬೈಬಲಿನ ವಾಕ್ಯವನ್ನು ಹೇಗೆ ಬದುಕಿದಿರಿ? ನಿಮ್ಮ ಅನುಭವ ಹೇಳಿ

ಕೇಳಿದವರು: ಬನಹಟ್ಟಿಯಿಂದ ಒಬ್ಬ ಸಹೋದರಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮದು ನೇಕಾರರ ಮನೆ. ನಾಲ್ಕು ಪವರ್‌ಲೂಮ್ ಇವೆ. ಸೀರೆಗೆ ಬೇಡಿಕೆ ಬಿದ್ದು ಒಂದೂವರೆ ವರ್ಷ ಆಯಿತು, ಈಗ ಎರಡೇ ನಡೆಯುತ್ತಿವೆ. ಮೈಕ್ರೋ ಫೈನಾನ್ಸ್ ಸಾಲ ಎರಡು, ಕೈಗಡ ಬೇರೆ. ಮಾವನವರಿಗೆ ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಸತ್ಯವೇದ (ಬೈಬಲ್) ಓದುತ್ತೇನೆ. ಓದುವಾಗ ಸಮಾಧಾನ ಇರುತ್ತದೆ. ಪುಸ್ತಕ ಮುಚ್ಚಿದ ಮೇಲೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಸಭೆಯಲ್ಲಿ (ಚರ್ಚಿನಲ್ಲಿ) ಹೇಳಿಕೊಂಡರೆ "ನಂಬಿಕೆ ಗಟ್ಟಿ ಮಾಡಿಕೋ ತಂಗಿ" ಅನ್ನುತ್ತಾರೆ. ನಮ್ಮ ಮನೆಯವರು ಸಭೆಗೆ ಬರುವುದನ್ನೇ ಬಿಟ್ಟಿದ್ದಾರೆ. ನೀವು ಇಂಥ ದಿನ ದಾಟಿದ್ದರೆ, ವಾಕ್ಯ ನಿಮಗೆ ಹೇಗೆ ಕೆಲಸಕ್ಕೆ ಬಂತು ಹೇಳಿ. ಬರೀ ವಾಕ್ಯ ಕಳಿಸಬೇಡಿ, ಏನು ಮಾಡಿದಿರಿ ಅದನ್ನು ಹೇಳಿ.

ಕೊಣ್ಣೂರು, ಗೋಕಾಕ ತಾಲೂಕು

ತಂಗಿ, ನಿನ್ನ ಮಾತು ಓದಿ 2019ರ ಆಗಸ್ಟ್ ತಿಂಗಳು ಕಣ್ಣ ಮುಂದೆ ಬಂತು. ಮೇಲೆ ಮಳೆ, ಹಿಡಕಲ್ ಡ್ಯಾಮಿನಿಂದ ನೀರು ಬಿಡುತ್ತಲೇ ಇದ್ದರು. ಘಟಪ್ರಭೆ ನಮ್ಮ ಓಣಿಗೆ ಬಂದಾಗ ರಾತ್ರಿ. ಮಕ್ಕಳು, ಅತ್ತೆ, ಎರಡು ಎಮ್ಮೆ, ಒಂದು ಟ್ರಂಕು, ಇಷ್ಟನ್ನೇ ದಾಟಿಸಿದೆವು. ಹನ್ನೊಂದು ದಿನ ಶಾಲೆಯಲ್ಲಿ, ಕಾಳಜಿ ಕೇಂದ್ರದಲ್ಲಿ ಇದ್ದೆವು.

ಆ ದಿನಗಳಲ್ಲಿ ಮೊಬೈಲಿಗೆ ಬಂದದ್ದೆಲ್ಲ ಒಂದೇ ವಾಕ್ಯ, ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯ 11ನೇ ವಚನ. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಹಿತದ್ದೇ ಹೊರತು ಕೇಡಿನದಲ್ಲ ಅಂತ ದೇವರು ಹೇಳುವ ಮಾತು. ಕಳಿಸಿದವರ ಮನಸ್ಸು ಒಳ್ಳೆಯದು. ಆದರೆ ಕೆಸರು ತುಂಬಿದ ಮನೆ ನೆನೆಸಿಕೊಂಡು ಅದನ್ನು ಓದಿದರೆ ನನಗೆ ಅಳುವೇ ಬರುತ್ತಿತ್ತು. ಒಂದು ಮಧ್ಯಾಹ್ನ ಮಗಳ ಮೊಬೈಲಿನಲ್ಲಿ ಇಡೀ ಅಧ್ಯಾಯ ಓದಿದೆ. ಹಿಂದಿನ ಅಧ್ಯಾಯವನ್ನೂ ಓದಿದೆ.

ಅದು ಒಂದು ಕಾಗದ. ಮನೆ ಮಠ ಕಳಕೊಂಡು ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂತ ಜನರ ಮುಂದೆ ಹೇಳುತ್ತಾನೆ. ಅದು ಸುಳ್ಳು ಅಂತ ಯೆರೆಮೀಯ ಹೇಳಿದ. ಅವನು ಬರೆದ ಲೆಕ್ಕ ಎಪ್ಪತ್ತು ವರ್ಷ. ಹಿತದ ಯೋಚನೆ ಅನ್ನುವ ಮಾತು ಆ ಎಪ್ಪತ್ತು ವರ್ಷ ಹೇಳಿದ ಮೇಲೆ ಬರುತ್ತದೆ ತಂಗಿ. ಅದಕ್ಕೂ ಮೊದಲು, ಐದರಿಂದ ಏಳನೇ ವಚನದಲ್ಲಿ, ಮಾಡುವ ಕೆಲಸ ಹೇಳಿದ್ದಾನೆ. ಮನೆ ಕಟ್ಟಿರಿ, ತೋಟ ಹಾಕಿ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಊರು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಅಂತ.

ಅಲ್ಲಿಗೆ ನನ್ನ ಪ್ರಾರ್ಥನೆ ಬದಲಾಯಿತು. "ಯಾವಾಗ ಮುಗಿಸುತ್ತೀ" ಅಂತ ಕೇಳುವುದನ್ನು ಬಿಟ್ಟು "ಇವತ್ತಿನ ಕೆಲಸ ಯಾವುದು" ಅಂತ ಕೇಳತೊಡಗಿದೆ. ಮಗಳ ಹಳೆ ನೋಟ್‌ಬುಕ್‌ನಲ್ಲಿ ದಿನಕ್ಕೆ ಒಂದೇ ಕೆಲಸ ಬರೆಯುತ್ತಿದ್ದೆ. ಒಂದು ದಿನ ಪಂಚನಾಮೆಗೆ ಬಿದ್ದ ಗೋಡೆಯ ಫೋಟೋ. ಇನ್ನೊಂದು ದಿನ ರೇಷನ್ ಕಾರ್ಡ್ ಒಣಗಿಸಿ ಜೆರಾಕ್ಸ್. ಸರ್ಕಾರ ತುರ್ತು ಪರಿಹಾರ ಅಂತ 10,000 ರೂಪಾಯಿ ಕೊಡುತ್ತಿತ್ತು, ಅದಕ್ಕೆ ಬ್ಯಾಂಕ್ ಪಾಸ್‌ಬುಕ್ ಹುಡುಕುವುದು ಮತ್ತೊಂದು ದಿನ. ಊರಿನ ಕ್ಷೇಮ ಅನ್ನುವುದಕ್ಕೆ ನಮಗೆ ಸಿಕ್ಕಿದ ಅರ್ಥ ರೊಟ್ಟಿ. ನಾಲ್ಕು ಒಲೆ, ಲಿಂಗಾಯತರ ಅಕ್ಕ, ಮುಸ್ಲಿಮರ ಆಪಾ, ನಾನು, ಎಲ್ಲರೂ ಕೂಡಿ ಶಾಲೆಯಲ್ಲಿದ್ದವರಿಗೆಲ್ಲ ಬಡಿದೆವು. ಆ ಅಕ್ಕನ ಮನೆ ಪೂರಾ ಬಿದ್ದಿತ್ತು. ಹಿಟ್ಟು ಕಲಸುತ್ತಾ ಒಂದು ದಿನ ಆಕೆ, "ನಿಮ್ಮ ಪುಸ್ತಕದಲ್ಲಿ ಇವತ್ತು ಏನಿದೆ, ನನಗೂ ಹೇಳು" ಅಂದಳು. ಹೇಳಿದೆ.

ಆ ವಾಕ್ಯ ಬರೆದ ಕ್ಯಾಲೆಂಡರ್ ನಮ್ಮ ಗೋಡೆ ಮೇಲೆ ಈಗಲೂ ಇದೆ. ಕೆಳಗೆ ಪೆನ್ನಿನಿಂದ 29:5 ಅಂತ ಬರೆದಿಟ್ಟಿದ್ದೇನೆ. ನಿನಗೆ ನಾನು ಹೇಳುವುದು ಇಷ್ಟೇ. ಒಂದು ವಚನ ಓದಿ ಮುಚ್ಚಬೇಡ. ಹಿಂದೆ ಮುಂದೆ ಓದು. ಅಲ್ಲಿ ಸಾಮಾನ್ಯವಾಗಿ ಯಾರೋ ಯಾರಿಗೋ ಒಂದು ಕೆಲಸ ಹೇಳಿರುತ್ತಾರೆ.

ಖಾಸಬಾಗ, ಬೆಳಗಾವಿ

ಅಕ್ಕಾರೆ, ನಾನೂ ಪವರ್‌ಲೂಮ್ ನೇಕಾರ. 2020ರ ಲಾಕ್‌ಡೌನ್‌ನಲ್ಲಿ ಮಗ್ಗದ ಸದ್ದು ನಿಂತಿತು. ಅದಾದ ಮೇಲೆ ಮೂರು ಕಡೆ ಸಾಲ ಮಾಡಿದೆ. ಒಂದನ್ನು ಹೆಂಡತಿಗೆ ಹೇಳಲೇ ಇಲ್ಲ. ಭಾನುವಾರ ಸಭೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದೆ, ಸೋಮವಾರ ವಸೂಲಿಗೆ ಬಂದವರಿಗೆ ಮಗನ ಕೈಯಲ್ಲಿ "ಅಪ್ಪ ಇಲ್ಲ" ಅನ್ನಿಸುತ್ತಿದ್ದೆ. ಮಗನಿಗೆ ಆಗ ಒಂಬತ್ತು ವರ್ಷ. ಸುಳ್ಳು ಹೇಳುವುದನ್ನು ನಾನೇ ಕಲಿಸಿದೆ. ಸಾಲಕ್ಕಿಂತ ಜಾಸ್ತಿ ನನ್ನನ್ನು ಮುರಿದದ್ದು ಅದು.

ನನಗೆ ದಾರಿ ತೋರಿಸಿದ್ದು ಎರಡನೇ ಅರಸುಗಳು 4ನೇ ಅಧ್ಯಾಯ. ಪ್ರವಾದಿಗಳ ಗುಂಪಿನ ಒಬ್ಬ ತೀರಿಹೋಗಿದ್ದಾನೆ. ಸಾಲ ಕೊಟ್ಟವನು ಆತನ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಹೆಂಡತಿ ಬಂದು ಪ್ರವಾದಿ ಎಲೀಷನ ಮುಂದೆ ಅಳುತ್ತಾಳೆ. ದೇವರಿಗೆ ಹೆದರಿ ನಡೆದವನ ಮನೆಗೂ ಸಾಲ ಬಂತು ಅಂತ ಅಲ್ಲಿ ಬಿಚ್ಚಿ ಬರೆದಿದೆ ನೋಡಿ. "ನಂಬಿಕೆ ಕಡಿಮೆ" ಅಂತ ಎಲೀಷ ಆಕೆಗೆ ಹೇಳಲಿಲ್ಲ. ಮನೆಯಲ್ಲಿ ಏನಿದೆ ಅಂತ ಕೇಳಿದ. ಒಂದು ಮೊಗೆ ಎಣ್ಣೆ ಬಿಟ್ಟು ಏನೂ ಇಲ್ಲ ಅಂದಳು. ನೆರೆಹೊರೆಯವರಿಂದ ಖಾಲಿ ಪಾತ್ರೆ ತರಿಸು ಅಂದ, ಸ್ವಲ್ಪ ಸಾಲದು, ಬಹಳ ತರಿಸು ಅಂದ. ಅಂದರೆ ಓಣಿಗೆಲ್ಲ ಆಕೆಯ ಕಷ್ಟ ಗೊತ್ತಾಯಿತು. ಎಣ್ಣೆ ತುಂಬಿದ ಮೇಲೆ, ಹೋಗಿ ಮಾರು, ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಡನೆ ಬದುಕು ಅಂದ. ಅಷ್ಟು ದೊಡ್ಡ ಅದ್ಭುತ ಆದ ಮೇಲೂ ಆಕೆ ಪೇಟೆಗೆ ಹೋಗಬೇಕಾಯಿತು.

ನಾನು ಮಾಡಿದ್ದು ಹೀಗೆ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಂಡತಿಯ ಮುಂದೆ ಎಲ್ಲ ಚೀಟಿ ಇಟ್ಟೆ. ಆಕೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಹಾಳೆ ತಂದು ಎರಡು ಪಟ್ಟಿ ಬರೆದಳು, ಯಾರಿಗೆ ಎಷ್ಟು ಕೊಡಬೇಕು, ಮನೆಯಲ್ಲಿ ಏನಿದೆ. ಎರಡನೇ ಪಟ್ಟಿ ನಾನು ಅಂದುಕೊಂಡಷ್ಟು ಸಣ್ಣದಿರಲಿಲ್ಲ. ನಿಂತ ಮಗ್ಗ ಒಂದನ್ನು ಮಾರಿದೆವು. ಮಾರುವ ದಿನ ಎದೆ ಹಿಂಡಿದ ಹಾಗಾಯಿತು, ಅಪ್ಪ ಹಾಕಿಸಿದ ಮಗ್ಗ ಅದು. ಆ ದುಡ್ಡು ಜಾಸ್ತಿ ಬಡ್ಡಿಯ ಕೈಗಡಕ್ಕೆ ಹೋಯಿತು. ಉಳಿದ ಎರಡು ಕಡೆ ನಾನೇ ಹೋಗಿ, ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಅಂತ ಅರ್ಜಿ ಕೊಟ್ಟೆ. ಒಂದು ಕಡೆ ಒಪ್ಪಿದರು. ಮೂರು ವರ್ಷ ಹಿಡಿಯಿತು, ಅಕ್ಕಾ.

ಇನ್ನೊಂದು ಮಾತು. ನಿಮಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಹೊಸ ಸಾಲ ಕೊಡುವ ಹಾಗೂ ಇಲ್ಲ. 2025ರಲ್ಲಿ ನಮ್ಮ ರಾಜ್ಯವೂ ಬಲವಂತದ ವಸೂಲಿ ತಡೆಯಲು ಕಾನೂನು ತಂದಿದೆ. ಹೆದರಿಸಿದರೆ, ಮನೆ ಮುಂದೆ ಕೂತು ಅವಮಾನ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು. ವಿಶ್ವಾಸಿ ಠಾಣೆಗೆ ಹೋಗಬಾರದು ಅಂತ ನನಗೆ ಒಬ್ಬರು ಹೇಳಿದ್ದರು. ಯೇಸುವಿನ ಸುವಾರ್ತೆ ಸಾರಿದ ಪೌಲನನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ವಿಚಾರಣೆ ಇಲ್ಲದೆ ರೋಮ್ ಪ್ರಜೆಯನ್ನು ಹೊಡೆಯುವುದು ನ್ಯಾಯವೋ ಅಂತ ಅವನು ಕೇಳಿದ. ಅಪೊಸ್ತಲರ ಕೃತ್ಯಗಳು 22ರಲ್ಲಿದೆ. ಕಾನೂನು ಕೇಳುವುದು ನಂಬಿಕೆ ಬಿಟ್ಟ ಹಾಗಲ್ಲ. ಹಾಗಂತ ಸಾಲ ಮುಳುಗಿಸುವ ಮಾತು ನಾನು ಹೇಳುತ್ತಿಲ್ಲ. ಎಲೀಷ ಹೇಳಿದ್ದೇ ತೀರಿಸು ಅಂತ.

ನವನಗರ, ಬಾಗಲಕೋಟೆ

ಕಾಣಿಕೆ ವಿಷಯ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಕಷ್ಟದಲ್ಲಿದ್ದಾಗ ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಸಭೆಗೆ ಕೊಡಲಾಗದೆ ನಾಚಿಕೆಯಿಂದ ಎಂಟು ತಿಂಗಳು ಸಭೆ ತಪ್ಪಿಸಿದೆ. ಅದೇ ಹೊತ್ತಿಗೆ ಫೋನಿನಲ್ಲಿ ಒಬ್ಬರು, ಕಾಣಿಕೆಯಾಗಿ ಐದು ಸಾವಿರ "ಬೀಜ" ಹಾಕಿ, ನೂರರಷ್ಟು ಬರುತ್ತದೆ ಅಂದರು. ಸಾಲ ಮಾಡಿ ಹಾಕಿದೆ. ಏನೂ ಬರಲಿಲ್ಲ. ಅದೂ ಸಾಲಕ್ಕೇ ಸೇರಿತು.

ಆಮೇಲೆ ಯಾಜಕಕಾಂಡ 5ನೇ ಅಧ್ಯಾಯ ಓದಿದೆ. ಕುರಿ ತರಲು ಆಗದವರು ಎರಡು ಪಾರಿವಾಳ, ಅದೂ ಆಗದವರು ಸ್ವಲ್ಪ ಹಿಟ್ಟು ತರಲಿ ಅಂತ ಇದೆ. ಮರಿಯಳು ಯೇಸುವನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದಾಗಲೂ ತಂದದ್ದು ಹಕ್ಕಿಗಳನ್ನೇ. ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಸಾಕು, ಇಲ್ಲದ್ದನ್ನು ಕೇಳುವುದಿಲ್ಲ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ನಿಮ್ಮ ಮನೆಯವರು ಸಭೆಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು, ಸುಮ್ನೆ ಮೆಲ್ಲಗೆ ಕೇಳಿ ನೋಡಿ ಸಿಸ್ಟರ್. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ತಿಕೋಟಾ, ವಿಜಯಪುರ ಜಿಲ್ಲೆ

ನಮ್ಮದು ದ್ರಾಕ್ಷಿ ತೋಟ. ಮನೂಕ, ಅಂದರೆ ಒಣದ್ರಾಕ್ಷಿ ಮಾಡುತ್ತೇವೆ. ಒಂದು ವರ್ಷ ಅಕಾಲ ಮಳೆ ಬಂದು ಶೆಡ್‌ನಲ್ಲಿ ಒಣಹಾಕಿದ್ದೆಲ್ಲ ಕಪ್ಪಾಯಿತು. ಮರುವರ್ಷ ಮಳೆಯೇ ಇಲ್ಲ, ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡೆವು.

ಪಾಸ್ಟರ್ ಹಬಕ್ಕೂಕ ಪ್ರವಾದಿಯ ಪುಸ್ತಕದ 3:17-18 ಓದಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣು ಇಲ್ಲದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಿಸುವೆನು ಅನ್ನುವುದು. ನನಗೆ ಸಿಟ್ಟು ಬಂತು. ಎದ್ದು ಹೊರಗೆ ಹೋದೆ. ಬಳ್ಳಿ ಒಣಗಿದವನ ಮುಂದೆ ಓದುವ ಮಾತೇ ಇದು?

ಮೂರೇ ಅಧ್ಯಾಯದ ಪುಸ್ತಕ ಅದು. ಆಮೇಲೆ ಮನೆಯಲ್ಲಿ ಮೊದಲಿನಿಂದ ಓದಿದೆ. ಶುರುವಾಗುವುದೇ ಜಗಳದಿಂದ. ಎಷ್ಟು ಕಾಲ ಕೂಗಬೇಕು, ನೀನು ಕೇಳುತ್ತಿಲ್ಲವಲ್ಲ ಅಂತ ಪ್ರವಾದಿ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಒಂದನೇ ಅಧ್ಯಾಯದಿಂದ ಮೂರಕ್ಕೆ ಬರಲು ನನಗೆ ಎರಡು ವರ್ಷ ಬೇಕಾಯಿತು. ಅಕ್ಕಾ, ನೀವು ಈಗ ಒಂದರಲ್ಲೇ ಇದ್ದರೆ ಅಲ್ಲೇ ಇರಿ. ಅದೂ ಸತ್ಯವೇದವೇ. 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆರೇ ವಚನ, ಅದರಲ್ಲಿ ನಾಲ್ಕು ಸಲ "ಎಷ್ಟರ ವರೆಗೆ" ಅಂತ ಕೇಳಿದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಮಾತೂ ಇಲ್ಲ. ಅದನ್ನೂ ದೇವಜನರು ಪ್ರಾರ್ಥನೆ ಅಂತಲೇ ಉಳಿಸಿಕೊಂಡು ಬಂದಿದ್ದಾರೆ.

ಗುಳೇದಗುಡ್ಡ

ಮಗಳೇ, ನಾನು ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವವನು. ವಯಸ್ಸು ಎಪ್ಪತ್ತೊಂದು. ನಮ್ಮ ಮನೆತನ 1876ರ ದೊಡ್ಡ ಬರದಲ್ಲಿ ಅನ್ನ ಇಲ್ಲದೆ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರ ಹತ್ತಿರ ಬಂದು ಉಳಿದುಕೊಂಡದ್ದು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಮೊದಲು ಗಂಜಿ ಕುಡಿದೆವು, ಆಮೇಲೆ ವಾಕ್ಯ ಕೇಳಿದೆವು ಅನ್ನುತ್ತಿದ್ದಳು. ಇದನ್ನು ಆಕೆ ತಲೆ ತಗ್ಗಿಸಿ ಹೇಳುತ್ತಿರಲಿಲ್ಲ.

ನಾನು ಹೇಳುವುದು ನಿನ್ನ ಗಂಡನ ಬಗ್ಗೆ. ಆತನಿಗೆ ಈಗ ವಾಕ್ಯ ಹೇಳಬೇಡ. ಎಲೀಯನ ಕಥೆ ನೋಡು, ಮೊದಲನೇ ಅರಸುಗಳು 19. ಅಷ್ಟು ದೊಡ್ಡ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತ ಬಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ದಾರಿ ಬಹಳ ಇದೆ ಅಂದ. ದೇವರು ಮಾತಾಡಿದ್ದು ಅದಕ್ಕೂ ನಲವತ್ತು ದಿನ ಆದ ಮೇಲೆ.

ನನ್ನ ಹೆಂಡತಿ ತೀರಿಕೊಂಡಾಗ ನಾನೂ ಸಭೆ ಬಿಟ್ಟಿದ್ದೆ. ಗೆಳೆಯ ಒಬ್ಬ ದಿನಾ ಸಂಜೆ ಬಂದು ಮಗ್ಗದ ಪಕ್ಕ ಕೂಡುತ್ತಿದ್ದ. ಚಹಾ ಕುಡಿಯುತ್ತಿದ್ದ, ಎದ್ದು ಹೋಗುತ್ತಿದ್ದ. ಸತ್ಯವೇದದಲ್ಲಿ ಎಲ್ಲ ಕಳಕೊಂಡ ಯೋಬನ ಗೆಳೆಯರೂ ಏಳು ದಿನ ಏಳು ರಾತ್ರಿ ಸುಮ್ಮನೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ನನ್ನ ಗೆಳೆಯ ಬಾಯಿ ತೆರೆಯಲಿಲ್ಲ. ಐದು ತಿಂಗಳಾದ ಮೇಲೆ ನಾನೇ "ಭಾನುವಾರ ಎಷ್ಟು ಗಂಟೆಗೆ" ಅಂತ ಕೇಳಿದೆ.

ಮತ್ತೆ, ಆತ "ನಾನಿದ್ದು ಏನು ಮಾಡಲಿ" ಅಂತ ಏನಾದರೂ ಅಂದರೆ ಅದನ್ನು ಹಗುರ ಮಾಡಬೇಡ. ಜೊತೆಯಲ್ಲಿ ಯಾರನ್ನಾದರೂ ಇಟ್ಟುಕೋ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸು. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಮಗಳನ್ನು ತೇರದಾಳಕ್ಕೆ ಕೊಟ್ಟಿದ್ದೇನೆ, ಬರುವ ಗುರುವಾರ ಆ ಕಡೆ ಬರುತ್ತೇನೆ. ನೀನು ಹೂಂ ಅಂದರೆ ನಿಮ್ಮ ಮನೆಗೂ ಬಂದು ಆತನ ಜೊತೆ ಒಂದು ತಾಸು ಕೂಡುತ್ತೇನೆ. ಮಗ್ಗದ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ.

ಮತ್ತೆ ಬನಹಟ್ಟಿಯಿಂದ

ಎಲ್ಲರದೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಮಾವನವರಿಗೆ ಗಂಜಿ ಕುಡಿಸುತ್ತಾ ಎಣ್ಣೆಯ ಮೊಗೆಯ ಕಥೆ ಅವರಿಗೆ ಕೇಳುವ ಹಾಗೆ ಓದಿದೆ. ಮನೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು, ನಾನು ತಿರುಗಿ ನೋಡಲಿಲ್ಲ. ಬೆಳಿಗ್ಗೆ ಅವರೇ, ನಿಂತ ಮಗ್ಗ ಎರಡಕ್ಕೆ ಎಷ್ಟು ಬರಬಹುದು ಅಂತ ಕೇಳಿದರು. ಖಾಸಬಾಗದ ಅಣ್ಣಾರೆ, ನೀವು ಎಷ್ಟಕ್ಕೆ ಕೊಟ್ಟಿರಿ, ಅರ್ಜಿ ಹೇಗೆ ಬರೆದಿರಿ ತಿಳಿಸಿ.

ಗುಳೇದಗುಡ್ಡದ ಅಪ್ಪಾಜಿ, ಗುರುವಾರ ಬನ್ನಿ. ಊಟ ನಮ್ಮಲ್ಲೇ. ಪುಂಡಿಪಲ್ಯ, ರೊಟ್ಟಿ ಮಾಡಿರುತ್ತೇನೆ.