ಲೆಕ್ಕ ತಪ್ಪದ ಎಂಜಿನಿಯರ್‌ಗೆ ಭೂಮಿಯ ವಯಸ್ಸು ಆರೇ ಸಾವಿರ ವರ್ಷ ಏಕೆ?

ಓಹಾಯೋ ಕನ್ನಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇನೆ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ನಮ್ಮ ಮನೆಮಂದಿಯನ್ನೆಲ್ಲ ಪಕ್ಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್‌ಗೆ, ಅಲ್ಲಿನ ‘ಆರ್ಕ್ ಎನ್‌ಕೌಂಟರ್’ ತೋರಿಸಲು ಕರೆದುಕೊಂಡು ಹೋಗಿದ್ದರು. ಬೈಬಲಿನ ನೋಹನ ನಾವೆಯನ್ನು, ಅದರಲ್ಲಿ ಹೇಳಿರುವ 300 ಮೊಳದ ಲೆಕ್ಕ ಹಿಡಿದು 510 ಅಡಿ ಉದ್ದಕ್ಕೆ ಮರದಲ್ಲಿ ಕಟ್ಟಿ, 2016ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದಾರೆ. ಮರಗೆಲಸವನ್ನು ಮೆಚ್ಚದೆ ಇರಲಾಗದು. ಆದರೆ ಒಳಗಿನ ಪಂಜರಗಳ ಸಾಲಿನಲ್ಲಿ ಡೈನೋಸಾರ್‌ಗಳೂ ಇವೆ. ಅದನ್ನು ನೋಡಿದ ನನ್ನ ಎಂಟು ವರ್ಷದ ಮಗಳು, “ಅಪ್ಪಾ, ಆಗ ಮನುಷ್ಯರೇ ಇರಲಿಲ್ಲವಲ್ಲ?” ಎಂದು ಕೇಳಿದಳು. ಪುಣ್ಯಕ್ಕೆ ಕನ್ನಡದಲ್ಲಿ ಕೇಳಿದಳು.

ನನ್ನ ಸಹೋದ್ಯೋಗಿ ಲೋಹದ ಬಿಡಿಭಾಗಗಳು ಎಷ್ಟು ಒತ್ತಡಕ್ಕೆ ಬಿರುಕು ಬಿಡುತ್ತವೆ ಎಂಬುದನ್ನು ಲೆಕ್ಕ ಹಾಕುವ ಎಂಜಿನಿಯರ್. ಪರೀಕ್ಷೆಯ ಅಂಕಿಅಂಶ ಕೈಗೆ ಬರುವವರೆಗೆ ಒಂದು ಬೋಲ್ಟಿಗೂ ಸಹಿ ಹಾಕುವವರಲ್ಲ. ಅಂಥವರು ಭೂಮಿಗೆ ಆರು ಸಾವಿರ ವರ್ಷವೆಂದೂ, ಜೀವಿಗಳನ್ನೆಲ್ಲ ದೇವರು ಆರು ದಿನಗಳಲ್ಲಿ ಈಗಿರುವಂತೆಯೇ ಸೃಷ್ಟಿಸಿದನೆಂದೂ ಪ್ರಾಮಾಣಿಕವಾಗಿ ನಂಬುತ್ತಾರೆ. ಇದು ಅಜ್ಞಾನವೆಂದು ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಹಾಗಾದರೆ ಇದೇನು? ಅವರೊಡನೆ ವಾದಕ್ಕಿಳಿಯುವುದರಲ್ಲಿ ಅರ್ಥವಿದೆಯೇ?

ಹಳೇ ಕಡತ:

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನಿಮ್ಮ ಸಹೋದ್ಯೋಗಿಯ ನಂಬಿಕೆ ಈಗಿನ ರೂಪದಲ್ಲಿ ಪುರಾತನವಾದದ್ದಲ್ಲ. ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಲೆಕ್ಕ ಹಾಕಿದ್ದು ನಿಜ. ಆದರೆ 1925ರಲ್ಲಿ ಟೆನೆಸ್ಸಿ ರಾಜ್ಯದ ಡೇಟನ್ ಪಟ್ಟಣದಲ್ಲಿ ವಿಕಾಸವಾದ ಕಲಿಸಿದ ಆರೋಪಕ್ಕೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ವಿಚಾರಣೆ ನಡೆದಾಗ, ಅವರ ವಿರುದ್ಧ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರೇ ಸೃಷ್ಟಿಯ ‘ದಿನ’ವೆಂದರೆ 24 ಗಂಟೆಯೇ ಆಗಬೇಕಿಲ್ಲ, ದೀರ್ಘ ಕಾಲಾವಧಿಯೂ ಆಗಿರಬಹುದು ಎಂದು ಸಾಕ್ಷಿಕಟ್ಟೆಯಲ್ಲಿ ಒಪ್ಪಿದ್ದರು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಎರಡು ವರ್ಷಗಳ ನಂತರ ಮೇಲಿನ ನ್ಯಾಯಾಲಯ ತಾಂತ್ರಿಕ ಕಾರಣಕ್ಕೆ ಆ ತೀರ್ಪನ್ನು ರದ್ದುಗೊಳಿಸಿದರೂ, ಕಾನೂನು ಮಾತ್ರ 1967ರವರೆಗೆ ಜಾರಿಯಲ್ಲಿತ್ತು.

ಆರು ಸಾವಿರ ವರ್ಷದ ಭೂಮಿ ಮತ್ತು ಪ್ರಳಯದಿಂದಲೇ ಆದ ಶಿಲಾಪದರಗಳು ಎಂಬ ಪೂರ್ಣ ವಾದ ಜನಸಾಮಾನ್ಯರವರೆಗೆ ಮುಟ್ಟಿದ್ದು 1961ರಲ್ಲಿ ಜಾನ್ ವಿಟ್‌ಕಂಬ್ ಮತ್ತು ಹೆನ್ರಿ ಮಾರಿಸ್ ಬರೆದ ಪುಸ್ತಕದ ನಂತರ. ಮಾರಿಸ್ ವೃತ್ತಿಯಿಂದ ಜಲಶಾಸ್ತ್ರದ ಎಂಜಿನಿಯರ್ ಆಗಿದ್ದರು. ನಿಮ್ಮ ಪ್ರಶ್ನೆಯ ಒಂದು ತುದಿ ಇಲ್ಲಿ ಸಿಗಬಹುದು. ದಿನವಿಡೀ ಉದ್ದೇಶವಿಟ್ಟು ವಸ್ತುಗಳನ್ನು ರೂಪಿಸುವವರ ಕಣ್ಣಿಗೆ ಪ್ರಪಂಚವೂ ಯಾರೋ ರೂಪಿಸಿದ್ದಾಗಿ ಕಾಣುವುದು ಸಹಜ.

ಸೃಷ್ಟಿವಾದವನ್ನು ಶಾಲೆಯೊಳಗೆ ತರುವ ಪ್ರಯತ್ನಗಳೂ ಹಾಗೆಯೇ ವೇಷ ಬದಲಿಸುತ್ತ ಬಂದವು. ಅದನ್ನು ವಿಕಾಸವಾದದ ಸರಿಸಮಕ್ಕೆ ಕಲಿಸಬೇಕೆಂಬ ಲೂಸಿಯಾನಾ ಕಾನೂನನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ ಮೇಲೆ ‘ಬುದ್ಧಿಯುತ ವಿನ್ಯಾಸ’ ಎಂಬ ಹೊಸ ಹೆಸರು ಚಾಲ್ತಿಗೆ ಬಂತು. ಪೆನ್ಸಿಲ್ವೇನಿಯಾದ ಡೋವರ್ ಪಟ್ಟಣದ ಪೋಷಕರು 2005ರಲ್ಲಿ ಅದರ ವಿರುದ್ಧ ಮೊಕದ್ದಮೆ ನಡೆಸಿದಾಗ, ಆ ಪಂಥದ ಪಠ್ಯಪುಸ್ತಕದ ಹಳೆಯ ಕರಡುಗಳು ನ್ಯಾಯಾಲಯದ ಮುಂದೆ ಬಂದವು. ‘ಸೃಷ್ಟಿವಾದಿಗಳು’ ಎಂದಿದ್ದ ಕಡೆಯಲ್ಲೆಲ್ಲ ‘ವಿನ್ಯಾಸದ ಪ್ರತಿಪಾದಕರು’ ಎಂದು ತಿದ್ದಲು ಹೊರಟವರು ಒಂದು ಕಡೆ ಕೈತಪ್ಪಿ, ಹಳೆಯ ಪದದ ಹೊಟ್ಟೆಯೊಳಗೇ ಹೊಸ ಪದವನ್ನು ತುರುಕಿಬಿಟ್ಟಿದ್ದರು. ಜೀವಾವಶೇಷಗಳಲ್ಲಿ ಕೊಂಡಿ ಸಿಕ್ಕಿಲ್ಲವೆನ್ನುವವರ ಪುಸ್ತಕದಲ್ಲೇ ನಡುವಣ ಕೊಂಡಿ ಸಿಕ್ಕಿತು! ಜಾರ್ಜ್ ಬುಷ್ ನೇಮಿಸಿದ್ದ ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪಿನಲ್ಲಿ ಇದು ವಿಜ್ಞಾನವಲ್ಲವೆಂದು ಹೇಳಿದರು.

ಆದರೂ ನಂಬಿಕೆ ಅಳಿದಿಲ್ಲ. ದೇವರು ಮನುಷ್ಯನನ್ನು ಈಗಿನ ರೂಪದಲ್ಲೇ ಸೃಷ್ಟಿಸಿದನೆನ್ನುವ ಅಮೆರಿಕನ್ನರು ಗ್ಯಾಲಪ್ ಸಮೀಕ್ಷೆಯಲ್ಲಿ 1982ರಲ್ಲಿ ಶೇ 44ರಷ್ಟಿದ್ದರು, 2024ರಲ್ಲಿ ಶೇ 37ರಷ್ಟಿದ್ದರು. ಇದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು 2012ರ ಇನ್ನೊಂದು ಸಮೀಕ್ಷೆ. “ಮನುಷ್ಯರು ಹಿಂದಿನ ಪ್ರಾಣಿಜಾತಿಗಳಿಂದ ರೂಪುಗೊಂಡವರು” ಎಂಬ ವಾಕ್ಯ ನಿಜವೇ ಎಂದು ಕೇಳಿದಾಗ ಶೇ 48 ಮಂದಿ ಹೌದೆಂದರು. ಅದೇ ವಾಕ್ಯದ ಹಿಂದೆ “ವಿಕಾಸವಾದದ ಪ್ರಕಾರ” ಎಂದು ಸೇರಿಸಿ ಕೇಳಿದಾಗ ಹೌದೆಂದವರು ಶೇ 72. ವಿಜ್ಞಾನ ಏನು ಹೇಳುತ್ತದೆಂಬುದು ಅನೇಕರಿಗೆ ಗೊತ್ತಿದೆ. ಮೊದಲ ಪ್ರಶ್ನೆ ಅವರ ಕಿವಿಗೆ “ನೀನು ಯಾರ ಕಡೆಯವನು?” ಎಂದು ಕೇಳಿಸುತ್ತದೆ.

ಕಡಲತಡಿಯವಳು:

ಮಂಗಳೂರಿನ ಕ್ಯಾಥೊಲಿಕ್ ಮನೆತನದವಳಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ‘ಕ್ರೈಸ್ತರು’ ಎಂದು ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟುವುದು ರೂಢಿಯಾಗಿದೆ. ನಾನು ವಿಕಾಸವಾದ ಕಲಿತದ್ದು ಸಿಸ್ಟರ್ ಒಬ್ಬರಿಂದ. ಅವರು ಮುಖ ಸಿಂಡರಿಸಿದ್ದು ವಿಕಾಸವಾದಕ್ಕಲ್ಲ, ನನ್ನ ಅಕ್ಷರಕ್ಕೆ. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದುದೆಂದು ಹೇಳಿದ್ದಾರೆ. ಮೇಲೆ ಹೇಳಿದ ಡೋವರ್ ಮೊಕದ್ದಮೆಯಲ್ಲಿ ವಿಕಾಸವಾದದ ಪರ ಸಾಕ್ಷಿ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕೂಡ ಕ್ಯಾಥೊಲಿಕರೇ.

ಅಕ್ಷರಶಃ ನಂಬುವವರ ಸಂಕಟ ಬೇರೆಯದು, ಅದನ್ನು ಹೊರಗಿನವರು ಹಗುರವಾಗಿ ನೋಡಬಾರದು. ಅವರ ಪಾಲಿಗೆ ಆದಾಮನೆಂಬ ವ್ಯಕ್ತಿ ನಿಜವಾಗಿ ಬದುಕಿರದಿದ್ದರೆ ಆದಿಪಾಪವಿಲ್ಲ, ಆದಿಪಾಪವಿಲ್ಲದಿದ್ದರೆ ಶಿಲುಬೆಯ ಮೇಲಿನ ಬಲಿದಾನಕ್ಕೆ ಕಾರಣವಿಲ್ಲ, ಅದಿಲ್ಲದಿದ್ದರೆ ತೀರಿಹೋದ ತಾಯಿಯನ್ನು ಮತ್ತೆ ಕಾಣುವ ಭರವಸೆಯೂ ಇಲ್ಲ. ನೀವು ಜೀವಾವಶೇಷದ ಮಾತೆತ್ತಿದಾಗ ನಿಮ್ಮ ಸಹೋದ್ಯೋಗಿಗೆ ಕಾಣುವುದು ಅವರ ತಾಯಿಯ ಸಮಾಧಿಯಿರಬಹುದು. ಇದರಿಂದ ಅವರ ಭೂವಿಜ್ಞಾನ ಸರಿಯಾಗುವುದಿಲ್ಲ, ಒಪ್ಪುತ್ತೇನೆ.

ಪ್ರೌಢಶಾಲೆ ಮೇಷ್ಟ್ರು:

ಹಾವೇರಿ ಜಿಲ್ಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮೆರಿಕದವರನ್ನು ನೋಡಿ ನಗುವ ಮುನ್ನ ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲವೆಂದು ಕೇಂದ್ರದ ರಾಜ್ಯ ಸಚಿವರೊಬ್ಬರು 2018ರಲ್ಲಿ ಹೇಳಿದ್ದರು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪಠ್ಯದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಲ್ಲಿ ಅನುವಂಶೀಯತೆ ಮಾತ್ರ ಉಳಿದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಅಧ್ಯಾಪಕರು ವಿರೋಧಿಸಿ ಪತ್ರ ಬರೆದರು. ಪಠ್ಯದ ಹೊರೆ ಇಳಿಸಲು ಹೀಗೆ ಮಾಡಿದೆವೆಂಬುದು ಸಮರ್ಥನೆಯಾಗಿತ್ತು.

ನಮ್ಮಲ್ಲಿ ತಕರಾರು ಕಾಲದ ಬಗ್ಗೆ ಇಲ್ಲ. ಬ್ರಹ್ಮನ ಒಂದು ಹಗಲಿಗೇ 432 ಕೋಟಿ ವರ್ಷ ಕೊಟ್ಟವರು ನಾವು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷವೆಂದರೆ ಕಡಲೆಕಾಯಿ ತಿನ್ನುತ್ತಲೇ ಒಪ್ಪಿಕೊಳ್ಳುತ್ತೇವೆ. ನಮ್ಮ ರೋಗ ಬೇರೆ, ಎಲ್ಲವೂ ಮೊದಲೇ ನಮ್ಮಲ್ಲಿತ್ತು ಎನ್ನುವುದು. ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಯಾರಾದರೂ ಮತ್ಸ್ಯ, ಕೂರ್ಮ, ವರಾಹ ಎಂದು ಬೆರಳು ಮಡಿಚಿ, ದಶಾವತಾರವೇ ವಿಕಾಸವಾದವೆಂದು ಸಾಧಿಸುತ್ತಾರೆ. ಅವತಾರಕ್ಕೆ ಉದ್ದೇಶವಿದೆ, ವಿಕಾಸಕ್ಕೆ ಇಲ್ಲ. ಅದು ಮೇಲೇರುವ ಏಣಿಯಲ್ಲ, ಕವಲೊಡೆಯುವ ಮರ. ಇದನ್ನು ಹೇಳಿದರೆ ಚಹಾ ತಣ್ಣಗಾಗುತ್ತದೆ, ಅಷ್ಟೇ.

ತರಗತಿಯಲ್ಲಿ ನಾನು ವಾದ ಮಾಡುವುದಿಲ್ಲ. ಹೆಬ್ಬೆರಳಿಗೆ ಕಿರುಬೆರಳನ್ನು ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಲು ಹೇಳುತ್ತೇನೆ. ಹೆಚ್ಚಿನ ಮಕ್ಕಳ ಮಣಿಕಟ್ಟಿನ ನಡುವೆ ದಾರದಂತೆ ಒಂದು ಸ್ನಾಯುರಜ್ಜು ಎದ್ದು ನಿಲ್ಲುತ್ತದೆ, ಕೆಲವರಲ್ಲಿ ಅದು ಇಲ್ಲವೇ ಇಲ್ಲ. ಇಲ್ಲದವರ ಹಿಡಿತವೇನೂ ಕಡಿಮೆಯಿರುವುದಿಲ್ಲ. ಬೇಕಿಲ್ಲದ ರಜ್ಜು ನಮ್ಮ ಕೈಗೆ ಎಲ್ಲಿಂದ ಬಂತೆಂದು ಕೇಳಿ ಸುಮ್ಮನಾಗುತ್ತೇನೆ. ತರಗತಿ ಗದ್ದಲವಾಗುತ್ತದೆ, ಆ ಗದ್ದಲವೇ ಪಾಠ. “ಈಗಿನ ಮಂಗಗಳೇಕೆ ಮನುಷ್ಯರಾಗುತ್ತಿಲ್ಲ ಸಾರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿನ್ನ ಚಿಕ್ಕಪ್ಪನ ಮಗ ಎಂದಾದರೂ ನೀನಾಗುತ್ತಾನೆಯೇ, ಇಬ್ಬರಿಗೂ ಅಜ್ಜ ಒಬ್ಬನೇ ತಾನೆ ಎನ್ನುತ್ತೇನೆ. ನಾನು ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವನು. ವಾನರರ ನಂಟಸ್ತಿಕೆಯಲ್ಲಿ ನನಗೆ ಅವಮಾನವೇನೂ ಕಂಡಿಲ್ಲ.

ಸಂಶಯಪ್ರಿಯ:

ಎಲ್ಲರೂ ಒಂದೇ ಪಕ್ಷದಲ್ಲಿ ನಿಂತಿರುವುದರಿಂದ ಕೇಳುತ್ತಿದ್ದೇನೆ. ವಿಕಾಸವಾದವೂ ಕೊನೆಗೆ ಒಂದು ಸಿದ್ಧಾಂತ ತಾನೆ? ಆಗಿಹೋದದ್ದನ್ನು ಯಾರು ಪರೀಕ್ಷಿಸಬಲ್ಲರು?

ಪ್ರೌಢಶಾಲೆ ಮೇಷ್ಟ್ರು:

ಆಗಿಹೋದದ್ದರ ಬಗ್ಗೆಯೂ ಮುಂಚಿತವಾಗಿ ಹೇಳಿ ಪರೀಕ್ಷಿಸಬಹುದು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳತ್ತ ಕವಲು ಹೊರಟದ್ದು ನಿಜವಾದರೆ, ಸುಮಾರು 37.5 ಕೋಟಿ ವರ್ಷ ಹಳೆಯದಾದ, ನದಿ ತಂದು ಹಾಕಿದ ಶಿಲಾಪದರದಲ್ಲಿ ನಡುವಿನ ರೂಪ ಸಿಗಬೇಕೆಂದು ಲೆಕ್ಕ ಹಾಕಿದ ತಂಡವೊಂದು ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಹುಡುಕಿ, 2004ರಲ್ಲಿ ಟಿಕ್ಟಾಲಿಕ್‌ನ ಅವಶೇಷವನ್ನು ಪತ್ತೆ ಮಾಡಿತು. ಅದಕ್ಕೆ ಮೀನಿನ ಹುರುಪೆಯೂ ಇದೆ, ಕುತ್ತಿಗೆಯೂ ಇದೆ, ಈಜುರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಯೂ ಇದೆ. ಇನ್ನೊಂದು ಉದಾಹರಣೆ: ಚಿಂಪಾಂಜಿಗೆ 24 ಜೋಡಿ ವರ್ಣತಂತುಗಳು, ನಮಗೆ 23. ಪೂರ್ವಜ ಒಬ್ಬನೇ ಆಗಿದ್ದರೆ ಎಲ್ಲೋ ಎರಡು ಬೆಸೆದಿರಬೇಕು. ನಮ್ಮ ಎರಡನೇ ವರ್ಣತಂತುವಿನಲ್ಲಿ ಆ ಬೆಸುಗೆಯ ಗುರುತು ಸಿಕ್ಕಿದೆ. ತುದಿಯಲ್ಲಿರಬೇಕಾದ ಅನುಕ್ರಮಗಳು ಅಲ್ಲಿ ನಡುವೆ ಕುಳಿತಿವೆ.

ಓಹಾಯೋ ಕನ್ನಡಿಗ:

ಎಲ್ಲರಿಗೂ ಕೃತಜ್ಞತೆಗಳು. ಮಧ್ಯೆ ಒಂದು ಘಟನೆ ನಡೆದದ್ದರಿಂದ ಉತ್ತರಿಸಲು ತಡವಾಯಿತು. ಆ ನಾವೆಯಲ್ಲಿ ಸುಮಾರು 1,400 ಮೂಲಜಾತಿಗಳಿದ್ದವು, ಇಂದಿನ ಪ್ರಾಣಿಗಳೆಲ್ಲ ಪ್ರಳಯದ ನಂತರ ಅವುಗಳಿಂದಲೇ ಕವಲೊಡೆದವು ಎಂಬ ವಿವರಣೆ ಅಲ್ಲಿನ ಫಲಕಗಳಲ್ಲಿದೆ. ಕೆಲವೇ ಸಾವಿರ ವರ್ಷಗಳಲ್ಲಿ ಇಷ್ಟೆಲ್ಲ ಆಯಿತೆಂದರೆ ಡಾರ್ವಿನ್ ಕೂಡ ಕೇಳಿರದಷ್ಟು ವೇಗದ ವಿಕಾಸವಾಯಿತಲ್ಲ ಎಂದು ಸಹೋದ್ಯೋಗಿಯನ್ನು ಕೇಳಬೇಕೆಂದು ನಾನು ಮಾತು ಸಿದ್ಧಪಡಿಸಿಕೊಂಡಿದ್ದೆ.

ಕಳೆದ ಭಾನುವಾರ ಅವರು ಮನೆಗೆ ಊಟಕ್ಕೆ ಬಂದಿದ್ದರು. ಸಿನ್ಸಿನಾಟಿಯ ಸುತ್ತ ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ ಸುಮಾರು 45 ಕೋಟಿ ವರ್ಷ ಹಿಂದಿನ ಸಮುದ್ರತಳದ ಸುಣ್ಣಕಲ್ಲು ತೆರೆದುಕೊಂಡಿರುತ್ತದೆ, ಚಿಪ್ಪುಗಳು ಕೈಗೇ ಸಿಗುತ್ತವೆ. ನನ್ನ ಮಗಳು ಹಾಗೆ ಆರಿಸಿ ತಂದಿದ್ದ, ಬೀಸಣಿಗೆಯಂಥ ಗೀರುಗಳಿರುವ ಕಲ್ಲೊಂದನ್ನು ಅವರ ಕೈಗಿಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಬ್ರಾಕಿಯೋಪಾಡ್” ಎಂದು ಸರಿಯಾಗಿ ಗುರುತಿಸಿದರು. ಚಿಕ್ಕಂದಿನಲ್ಲಿ ಡಬ್ಬಿಗಟ್ಟಲೆ ಕೂಡಿಡುತ್ತಿದ್ದರಂತೆ. ಜೋರು ಮಳೆ ಬಂದ ಮರುದಿನ ಹಳ್ಳದ ದಂಡೆಗೆ ಹೋದರೆ ಇನ್ನೂ ಒಳ್ಳೆಯವು ಸಿಗುತ್ತವೆಂದು ಅವಳಿಗೆ ಹೇಳಿಕೊಟ್ಟರು.

“ಇದು ಎಷ್ಟು ಹಳೆಯದು?” ಎಂದು ಅವಳು ಕೇಳಿದಳು, ಈ ಸಲ ಇಂಗ್ಲಿಷಿನಲ್ಲಿ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಕಲ್ಲನ್ನು ಅವಳಿಗೆ ವಾಪಸು ಕೊಟ್ಟು, “ನಿಮ್ಮಪ್ಪನ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ. ಅವರನ್ನೇ ಕೇಳು” ಎಂದರು. ಸಿದ್ಧಪಡಿಸಿಕೊಂಡಿದ್ದ ಮಾತನ್ನು ನಾನು ಆಡಲಿಲ್ಲ. ಅವರು ಹೋದ ಮೇಲೆ ಮಗಳಿಗೆ 45 ಕೋಟಿಗೆ ಎಷ್ಟು ಸೊನ್ನೆಗಳೆಂದು ಬರೆದು ತೋರಿಸಿದೆ.