ಪ್ರಶ್ನೋತ್ತರ: ಮೂರ್ಛೆ ಬರುವ ಹುಡುಗನನ್ನು ಕೆಲಸದಲ್ಲಿ ಉಳಿಸಿಕೊಳ್ಳಬಹುದೇ?

ಈ ವಾರ ನಮ್ಮ ಗುಂಪಿನಲ್ಲಿ ಉತ್ತರಿಸುವವರು: ಅಂಗವಿಕಲರಿಗೆ ಕೆಲಸ ಕಲಿಸಿ ಉದ್ಯೋಗಕ್ಕೆ ಹಚ್ಚುವ, ಧಾರವಾಡದ ಪುನರ್ವಸತಿ ಸಲಹೆಗಾರ್ತಿ.

ರೊಟ್ಟಿ ಕೇಂದ್ರದವರು, ಹುಬ್ಬಳ್ಳಿ: ನಮಸ್ಕಾರ ಮೇಡಂ. ನಮ್ಮ ಖಡಕ್ ರೊಟ್ಟಿ ಕೇಂದ್ರದಲ್ಲಿ ಎಂಟು ಜನ ದುಡಿಯುತ್ತಾರೆ. ಐವರು ಗಂಡನನ್ನು ಕಳೆದುಕೊಂಡವರು, ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನಿಗೆ ಬುದ್ಧಿಮಾಂದ್ಯವಿದೆ. ಅವನಿಗೆ ಹತ್ತರವರೆಗೆ ಎಣಿಸಲು ಬಾರದು. ಅದಕ್ಕೆ ಹತ್ತು ಹುಣಸೆ ಬೀಜ ಕೊಟ್ಟಿದ್ದೇವೆ. ಒಂದು ರೊಟ್ಟಿ ಚೀಲಕ್ಕೆ ಹೋದಾಗ ಒಂದು ಬೀಜ ಆಚೆಯ ಬಟ್ಟಲಿಗೆ ಹೋಗುತ್ತದೆ. ಈಚೆಯ ಬಟ್ಟಲು ಬರಿದಾದರೆ ಪಾಕೀಟು ತುಂಬಿದಂತೆ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಲೆಕ್ಕ ತಪ್ಪಿಲ್ಲ. ಆದರೆ ಈ ಹದಿನೈದು ದಿನಗಳಲ್ಲಿ ಅವನಿಗೆ ಎರಡು ಸಲ ಮೂರ್ಛೆ (ಫಿಟ್ಸ್) ಬಂದಿದೆ. ಎರಡನೆಯ ಸಲ ಬಿಸಿ ಹಂಚಿನ ಹತ್ತಿರವೇ ಬಿದ್ದ. ಹೆಣ್ಣುಮಕ್ಕಳು ಹೆದರಿದ್ದಾರೆ. ಅವನನ್ನು ಮನೆಯಲ್ಲಿರಿಸಿ ತಿಂಗಳಿಗಿಷ್ಟು ಸಹಾಯ ಕೊಟ್ಟರೆ ಆಗುವುದಿಲ್ಲವೇ?

ಸಲಹೆಗಾರ್ತಿ: ಹದಿನೈದು ದಿನಗಳ ಹಿಂದೆ ಕೇಂದ್ರದಲ್ಲಿ ಏನು ಬದಲಾಯಿತು ಎಂಬುದನ್ನು ಮೊದಲು ತಿಳಿಸಿ.

ರೊಟ್ಟಿ ಕೇಂದ್ರದವರು: ಮದುವೆಗಳ ಆರ್ಡರ್ ಹೆಚ್ಚಿದ್ದರಿಂದ ಒಂಬತ್ತರ ಬದಲು ಬೆಳಿಗ್ಗೆ ಆರಕ್ಕೆ ಕೆಲಸ ಶುರು ಮಾಡುತ್ತಿದ್ದೇವೆ.

ಸಲಹೆಗಾರ್ತಿ: ಹಾಗಿದ್ದರೆ ಅವನ ತಾಯಿಯನ್ನು ಇಂದೇ ಕೇಳಿ. ಆರಕ್ಕೆ ಕೇಂದ್ರದಲ್ಲಿರಬೇಕಾದರೆ ಅವನು ನಾಲ್ಕೂವರೆಗೆ ಏಳುತ್ತಾನೆ, ನಿದ್ದೆ ಅರ್ಧವಾಗುತ್ತದೆ. ನಾಷ್ಟಾದ ನಂತರ ನುಂಗುವ ಮೂರ್ಛೆಯ ಗುಳಿಗೆ ಹಿಂದೆ ಬೀಳುತ್ತದೆ ಇಲ್ಲವೇ ತಪ್ಪಿಯೇ ಹೋಗುತ್ತದೆ. ನಿದ್ದೆಗೆಡುವುದು ಮತ್ತು ಗುಳಿಗೆ ತಪ್ಪುವುದು, ಇವೆರಡೂ ಮೂರ್ಛೆಯನ್ನು ಕರೆದು ತರುವಂಥವು. ಔಷಧದ ಪ್ರಮಾಣ ನನ್ನ ಕೆಲಸವಲ್ಲ, ಅದಕ್ಕೆ ನರರೋಗ ತಜ್ಞರ ಬಳಿ ಹೋಗಲೇಬೇಕು. ಆದರೆ ಕೆಲಸದ ವೇಳೆ ನಿಮ್ಮ ಕೈಯಲ್ಲಿದೆ. ಅವನೊಬ್ಬನಿಗೆ ಒಂಬತ್ತರ ವೇಳೆಯನ್ನೇ ಮರಳಿ ಕೊಡಿ. ಆರಕ್ಕೆ ಸುಟ್ಟ ರೊಟ್ಟಿ ಒಂಬತ್ತಕ್ಕೆ ಪಾಕೀಟಾದರೆ ನಷ್ಟವೇನಿಲ್ಲ. ಪಾಕೀಟಿನ ಮೇಜನ್ನು ಹಂಚು, ಒಲೆ, ಹಿಟ್ಟಿನ ಗಿರಣಿ ಇಲ್ಲದ ಕೋಣೆಗೆ ಒಯ್ದು, ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ. ಮೂರ್ಛೆ ಬಂದಾಗ ಏನು ಮಾಡಬೇಕೆಂಬುದನ್ನು ಎಂಟೂ ಜನರಿಗೆ ಒಮ್ಮೆ ಮಾಡಿ ತೋರಿಸಿ, ಕಿವಿ ಕೇಳಿಸದ ಇಬ್ಬರಿಗೆ ಚಿತ್ರ ಬರೆದು ತೋರಿಸಿ: ಸುತ್ತಲಿನ ಬಿಸಿ ಮತ್ತು ಗಟ್ಟಿ ವಸ್ತುಗಳನ್ನು ಸರಿಸಬೇಕು, ಅಂಗಿಯ ಗುಂಡಿ ಸಡಿಲಿಸಿ ಮಗ್ಗುಲಾಗಿ ಮಲಗಿಸಬೇಕು, ಕೈಕಾಲು ಒತ್ತಿ ಹಿಡಿಯಬಾರದು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಬೇಕು.

ಇನ್ನು ಮನೆಯಲ್ಲಿರಿಸಿ ಸಹಾಯ ಕೊಡುವ ಮಾತು. ನಾಲ್ಕು ತಿಂಗಳು ಒಂದು ಪಾಕೀಟಿನ ಲೆಕ್ಕವನ್ನೂ ತಪ್ಪದ ದುಡಿಮೆಗಾರನನ್ನು ನೀವು ದಾನ ಪಡೆಯುವವನನ್ನಾಗಿ ಮಾಡಲು ಹೊರಟಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಸದಸ್ಯರು, ಹಾವೇರಿ: ಮೂರ್ಛೆ ಬಂದವರ ಕೈಗೆ ಕಬ್ಬಿಣದ ಕೀಲಿ ಕೊಟ್ಟು ಈರುಳ್ಳಿ ಮೂಸಿಸಿದರೆ ತಕ್ಷಣ ನಿಲ್ಲುತ್ತದೆ ಎಂಬ ಸಂದೇಶ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ.

ಸಲಹೆಗಾರ್ತಿ: ಉಪಯೋಗವಿಲ್ಲ. ಬಹುಪಾಲು ಮೂರ್ಛೆ ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಕೀಲಿಗೆ ಬರುತ್ತದೆ. ಕೀಲಿ ಹುಡುಕುತ್ತ ಹುಡುಗನನ್ನು ಹಂಚಿನ ಬಳಿ ಬಿಟ್ಟರೆ ಸುಟ್ಟ ಗಾಯ ಉಳಿಯುತ್ತದೆ. ಇದನ್ನು ಮುಂದಕ್ಕೆ ಕಳಿಸಬೇಡಿ.

ಸದಸ್ಯರು, ಗದಗ: ಇಂಥ ಕೇಂದ್ರವನ್ನು ಟ್ರಸ್ಟ್ ಮಾಡಬೇಕೋ, ಕಂಪನಿ ಮಾಡಬೇಕೋ? ಸಾಲದ ಸಬ್ಸಿಡಿ ಎಷ್ಟು?

ಸಲಹೆಗಾರ್ತಿ: ಇಂಥ ಸಾಮಾಜಿಕ ಉದ್ಯಮಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಲಾಭ ದುಡಿಯುವವರಿಗೇ ಸೇರಬೇಕೆಂದಿದ್ದರೆ ಸಹಕಾರ ಸಂಘ ಮಾಡಿ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದ ಜಿಲ್ಲೆಯವರು ನೀವು. ಹೊಸ ಉದ್ಯಮಕ್ಕೆ ಸಾಲದೊಂದಿಗೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ನಿಯಮದಂತೆ ಮಹಿಳೆಯರಿಗೆ ಹಾಗೂ ಅಂಗವಿಕಲರಿಗೆ ಉದ್ಯಮದ ವೆಚ್ಚದಲ್ಲಿ ಗ್ರಾಮೀಣ ಭಾಗದಲ್ಲಿ ಶೇ 35, ನಗರದಲ್ಲಿ ಶೇ 25 ಸಹಾಯಧನ. ಸ್ವಂತ ಬಂಡವಾಳ ಶೇ 5. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಸದಸ್ಯೆ, ಧಾರವಾಡ: ನನ್ನ ತಮ್ಮ ಜೈಲು ಶಿಕ್ಷೆ ಮುಗಿಸಿ ಬಂದಿದ್ದಾನೆ. ಒಳಗೆ ಮಗ್ಗದ ಕೆಲಸ ಕಲಿತಿದ್ದಾನೆ. ಹೊರಗೆ ಯಾರೂ ಸೇರಿಸಿಕೊಳ್ಳುತ್ತಿಲ್ಲ. ಎಲ್ಲಿ ಕೇಳಬೇಕು?

ವ್ಯಾಪಾರಿ, ಹುಬ್ಬಳ್ಳಿ: ಅರ್ಧ ಕೆಲಸ ಮಾಡುವವರಿಗೆ ಅರ್ಧ ಗೌರವಧನ ಕೊಟ್ಟರೆ ತಪ್ಪೇನು? ಇದು ಸೇವೆ. ಪೂರ್ಣ ಕೂಲಿ ಕೊಟ್ಟರೆ ರೊಟ್ಟಿಯ ದರ ಏರಿ ಕೊಳ್ಳುವವರೇ ಇರುವುದಿಲ್ಲ.

ಪಾಲಕರು, ಧಾರವಾಡ: ನನ್ನ ಮಗಳು ಒಂದು ಅಂಗಡಿಯಲ್ಲಿ ಎರಡು ವರ್ಷ ಗೌರವಧನಕ್ಕೆ ದುಡಿದಳು. ಧನ ಸಿಗಲಿಲ್ಲ, ಗೌರವವೂ ಸಿಗಲಿಲ್ಲ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಮೊದಲು ಶುರುವಾಗಿದ್ದು ಇದೇ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ. ಅವರಿಗೆ ಆಗುವುದು ನಿಮಗೇಕೆ ಆಗುವುದಿಲ್ಲ?

ವ್ಯಾಪಾರಿ: ಅಲ್ಲಿ ಗಿರಾಕಿಗಳು ಬಾಗಿಲಿಗೇ ಬರುತ್ತಾರೆ. ನೀವು ಒಂದು ದಿನ ಸಂತೆಯಲ್ಲಿ ಕುಳಿತು ಮಾರಿ ನೋಡಿ, ಆಮೇಲೆ ಮಾತನಾಡಿ.

ಪಾಲಕರು: ಸಂತೆಯಲ್ಲಿ ಕುಳಿತೇ ಮಗಳನ್ನು ಸಾಕಿದ್ದೇನೆ. ನಿಮ್ಮ ಪಾಠ ಬೇಡ.

ಸಲಹೆಗಾರ್ತಿ: ಇಬ್ಬರೂ ನಿಲ್ಲಿಸಿ. ಸೇವೆ ಎಂದು ಹೆಸರಿಟ್ಟ ಮಾತ್ರಕ್ಕೆ ಕನಿಷ್ಠ ಕೂಲಿಯನ್ನು ಮಾಲೀಕರು ತಾವೇ ಇಳಿಸಲು ಬರುವುದಿಲ್ಲ. ಬರಗಾಲದ ಪರಿಹಾರ ಕಾಮಗಾರಿಯಲ್ಲಿ ಕಡಿಮೆ ಕೂಲಿ ಕೊಟ್ಟಾಗಲೂ ಅದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಕೆಲಸ ಅರ್ಧವಾಗುತ್ತಿದ್ದರೆ ಕೆಲಸವನ್ನು ಹೊಂದಿಸಿದ ರೀತಿ ನೋಡಿ. ಎಣಿಸಲು ಬಾರದವನು ಬೀಜ ಇಟ್ಟುಕೊಂಡು ಎಣಿಸುತ್ತಿರುವುದನ್ನು ಮೇಲೆಯೇ ಓದಿದ್ದೀರಿ.

ಸದಸ್ಯರು, ಹಾವೇರಿ: ಅಂಗವಿಕಲರನ್ನು ನೇಮಿಸಿದವರಿಗೆ ತಲಾ ಹತ್ತು ಲಕ್ಷ ಕೊಡುತ್ತಾರಂತೆ. ಎರಡು ಸಾವಿರ ಶುಲ್ಕ ಕಟ್ಟಿ ಈ ಲಿಂಕಿನಲ್ಲಿ ನೋಂದಾಯಿಸಬೇಕಂತೆ.

ಸಲಹೆಗಾರ್ತಿ: ಇದು ವಂಚನೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಶುಲ್ಕವಿಲ್ಲ. ಯಾರೂ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನೀವು ಈ ಗುಂಪಿಗೆ ಸಂದೇಶಗಳನ್ನು ರವಾನಿಸುವುದನ್ನು ನಿಲ್ಲಿಸಬೇಕು.

ಸದಸ್ಯರು, ನವಲಗುಂದ: ಸಬ್ಸಿಡಿ ಎಷ್ಟು ಮೇಡಂ?

ಸಲಹೆಗಾರ್ತಿ: ಮೇಲೆ ಬರೆದಿದ್ದೇನೆ.

ಸದಸ್ಯರು, ರಾಣೇಬೆನ್ನೂರು: ಸಬ್ಸಿಡಿ ಬಗ್ಗೆ ತಿಳಿಸಿ.

ಸಲಹೆಗಾರ್ತಿ: ಓದಿ.

ಸದಸ್ಯೆ, ಧಾರವಾಡ: ತಮ್ಮನ ಬಗ್ಗೆ ಕೇಳಿದ್ದೆ.

ರೊಟ್ಟಿ ಕೇಂದ್ರದವರು: ಮೇಡಂ, ತಾಯಿಯನ್ನು ಕೇಳಿದೆ. ನಾಷ್ಟಾ ಇಲ್ಲಿಯೇ ಹತ್ತಕ್ಕೆ ಆಗುತ್ತಿದ್ದರಿಂದ ಬೆಳಗಿನ ಗುಳಿಗೆ ಮನೆಯಲ್ಲೇ ಉಳಿಯುತ್ತಿತ್ತಂತೆ. ಗುರುವಾರ ವೈದ್ಯರ ಬಳಿ ಹೋಗುತ್ತಾರೆ. ಮೇಜನ್ನು ಮುಂದಿನ ಕೋಣೆಗೆ ಸಾಗಿಸಿದ್ದೇವೆ. ಬೀಜದ ಬಟ್ಟಲುಗಳನ್ನು ಅವನೇ ಎತ್ತಿಕೊಂಡು ಹೋಗಿ ಮೊದಲಿದ್ದಂತೆ ಎಡಕ್ಕೊಂದು ಬಲಕ್ಕೊಂದು ಇಟ್ಟ.

ಸಲಹೆಗಾರ್ತಿ: ವೈದ್ಯರಿಗೆ ತೋರಿಸಲು ಎರಡೂ ಸಲದ ದಿನಾಂಕ, ವೇಳೆ, ಎಷ್ಟು ನಿಮಿಷ ಎಂಬುದನ್ನು ಬರೆದು ಕೊಡಿ. ತಾಯಿಯ ಫೋನ್ ನಂಬರನ್ನು ಆ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.