ಎಂಟು ಟ್ಯಾಪೆಟ್, ಒಂದು ಪ್ಲಾಸ್ಟಿಕ್ ಚೀಲ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರ್ಧವಾಕ್ಯ ಬರೆಯುವಂತಿಲ್ಲ. ನಿವೃತ್ತ ಕನ್ನಡ ಮೇಷ್ಟ್ರಾದ ದೊಡ್ಡಪ್ಪನವರ ಕಟ್ಟಪ್ಪಣೆ ಅದು. ಆದ್ದರಿಂದ ನಮ್ಮಲ್ಲಿ ಜಗಳಗಳೂ ವ್ಯಾಕರಣಶುದ್ಧವಾಗಿಯೇ ನಡೆಯುತ್ತವೆ. ಕಳೆದ ಭಾನುವಾರದ ಜಗಳ ಶುರುವಾದದ್ದು ದಾವಣಗೆರೆ ಭಾವ ಬೆಳಿಗ್ಗೆ ಆರೂವರೆಗೆ ದಾಟಿಸಿದ, ಜೋಡಿ ಬಾಣದ ಗುರುತು ಹೊತ್ತ ಈ ಸಂದೇಶದಿಂದ:

‘ಎಚ್ಚರಿಕೆ! ಕಾರಿಗೆ ಹಳೆಯ ಎಂಜಿನ್ ಕೂರಿಸುವವರು ಅದರ ಕ್ಯಾಮ್, ಟ್ಯಾಪೆಟ್, ಪುಶ್‌ರಾಡ್, ರಾಕರ್‌ಗಳನ್ನು ಯಾವ ಕಾರಣಕ್ಕೂ ಮತ್ತೆ ಬಳಸಬೇಡಿ. ಈಗಿನ ಆಯಿಲ್‌ನಲ್ಲಿ ಸವೆತ ತಡೆಯುವ ಜಿಂಕ್ ಇಲ್ಲ. ಐನೂರು ಕಿಲೋಮೀಟರಿನೊಳಗೆ ಎಂಜಿನ್ ಸಾಯುತ್ತದೆ. ನಿಮ್ಮವರಿಗೆಲ್ಲ ತಿಳಿಸಿ.’

ಇವೆಲ್ಲ ಎಂಜಿನ್ನಿನ ಉಸಿರಾಟದ ಬಾಗಿಲಾದ ವಾಲ್ವನ್ನು ತೆರೆಯುವ ಸರಣಿಯ ಭಾಗಗಳು: ತಿರುಗುವ ಕ್ಯಾಮಿನ ಉಬ್ಬು (ಲೋಬ್) ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡ್ ಎಂಬ ಸರಳನ್ನು ತಳ್ಳುತ್ತದೆ, ಸರಳು ರಾಕರ್ ಎಂಬ ಸನ್ನೆಯನ್ನು ಎತ್ತುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ಸಂದೇಶದ ಕೆಳಗೆ ಭಾವನ ಒಂದು ಸಾಲಿತ್ತು: ‘ಇದು ಯಾರಿಗೆ ಅನ್ವಯಿಸುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.’

ಅನ್ವಯಿಸುತ್ತಿದ್ದುದು ನನಗೆ. ತಾತನ 1978ರ ಅಂಬಾಸಿಡರ್ ಮಾರ್ಕ್ 3ಕ್ಕೆ ಹುಟ್ಟಿನಿಂದ ಇದ್ದದ್ದು 1489 ಸಿಸಿಯ ಪೆಟ್ರೋಲ್ ಎಂಜಿನ್. ಎಂಬತ್ತರ ದಶಕದಲ್ಲಿ ಡೀಸೆಲ್ ಅಗ್ಗವೆಂದು ಎಲ್ಲರೂ ಮಾಡಿದಂತೆ ನಮ್ಮವರೂ ಅದನ್ನು ಇಳಿಸಿ ಮ್ಯಾಟಡೋರ್ ವ್ಯಾನಿನ ಎಂಜಿನ್ ಕೂರಿಸಿದರು. ಆ ಡೀಸೆಲ್ ಎಂಜಿನ್ ಈಗ ಕೈಕೊಟ್ಟಿದೆ. ನಾನು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ 1489ರ ಇನ್ನೊಂದು ಹಳೆಯ ಎಂಜಿನ್ ಹಿಡಿದು ಶಿವಮೊಗ್ಗದ ಗ್ಯಾರೇಜಿಗೆ ಸಾಗಿಸಿದ್ದೆ. ಭಾವ ಆಗಿನಿಂದಲೂ ಇಂಥದೊಂದು ಸಂದೇಶಕ್ಕಾಗಿ ಕಾಯುತ್ತಿದ್ದರೆಂದೇ ನನ್ನ ಗುಮಾನಿ.

ಮೊದಲು ಉತ್ತರಿಸಿದವಳು ಪುಣೆಯ ಅಕ್ಕ. ಆಕೆಯ ಉದ್ಯೋಗವೇ ಎಂಜಿನ್ ವಿನ್ಯಾಸ, ಹವ್ಯಾಸ ಭಾವನನ್ನು ತಿದ್ದುವುದು.

‘ಇದನ್ನು ಬರೆದವರು ಯಾರು, ಯಾವ ಎಂಜಿನ್ನಿನ ಬಗ್ಗೆ ಬರೆದರು ಎಂಬುದನ್ನು ಭಾವ ದಯವಿಟ್ಟು ತಿಳಿಸಲಿ. ನಾಲ್ಕು ಬಗೆಯ ಭಾಗಗಳನ್ನು ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಪುಶ್‌ರಾಡನ್ನು ಗಾಜಿನ ಮೇಲೆ ಉರುಳಿಸಿ ನೋಡಬೇಕು; ಡೊಂಕಿಲ್ಲದೆ, ತುದಿಗಳು ಸವೆಯದೆ ಇದ್ದರೆ ಧಾರಾಳವಾಗಿ ಹಾಕಬಹುದು. ರಾಕರ್ ವಾಲ್ವನ್ನು ಒತ್ತುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜು ಗುಳಿಯ ಮೇಲೆ ಸಂಕದಂತೆ ಕೂತು ಸುಳ್ಳು ಅಳತೆ ಹೇಳುತ್ತದೆ, ಅಂಥದ್ದನ್ನು ಮಾತ್ರ ಬದಲಿಸಬೇಕು. ಕ್ಯಾಮ್ ಮತ್ತು ಟ್ಯಾಪೆಟ್‌ಗಳ ಕಥೆ ಬೇರೆ. ಟ್ಯಾಪೆಟ್ಟಿನ ತಳ ಚಪ್ಪಟೆಯೆಂದು ಕಂಡರೂ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ, ಕ್ಯಾಮಿನ ಲೋಬ್ ತುಸು ಓರೆಯಾಗಿರುತ್ತದೆ; ಆದ್ದರಿಂದಲೇ ಟ್ಯಾಪೆಟ್ ಏರಿಳಿಯುವಾಗ ತನ್ನ ಸುತ್ತ ತಾನು ತಿರುಗುತ್ತ ಸವೆತವನ್ನು ತಳದ ತುಂಬ ಹಂಚಿಕೊಳ್ಳುತ್ತದೆ. ವರ್ಷಗಟ್ಟಲೆ ಕೂಡಿ ಸವೆದ ಜೋಡಿಯನ್ನು ಹಾಗೆಯೇ ಕೂರಿಸಿದರೆ ಇನ್ನೂ ಬಾಳುತ್ತದೆ. ಅದಲುಬದಲಾದರೆ ಒಂದನ್ನೊಂದು ತಿನ್ನುತ್ತವೆ. ಹಾಗಾಗಿ ನನ್ನ ಪ್ರಶ್ನೆ ತಮ್ಮನಿಗೆ: ಎಂಟು ಟ್ಯಾಪೆಟ್‌ಗಳಿಗೂ ನಂಬರ್ ಹಾಕಿ ಇಟ್ಟಿದ್ದಾರೆಯೇ?’

ನಾನು ಓದಿದೆ, ಉತ್ತರಿಸಲಿಲ್ಲ. ಪುಣ್ಯಕ್ಕೆ ದೊಡ್ಡಪ್ಪ ಬಂದರು.

‘ಹಳೆಯದೆಂಬ ಒಂದೇ ಕಾರಣಕ್ಕೆ ವಸ್ತುವನ್ನು ಎಸೆಯುವುದು ನಮ್ಮ ಮನೆತನದ ರೀತಿಯಲ್ಲ. ಎಂಜಿನ್ ನಂಬರ್ ಬದಲಾದುದನ್ನು ಆರ್.ಸಿ.ಯಲ್ಲಿ ಕ್ರಮಪ್ರಕಾರ ನಮೂದಿಸುವುದನ್ನು ಮರೆಯಬಾರದು. ಇಷ್ಟಕ್ಕೂ ಅಂದು ಮೂಲ ಎಂಜಿನ್ನನ್ನು ಅಟ್ಟದ ಕೆಳಗೆ ಗೋಣಿ ಸುತ್ತಿ ಇಟ್ಟಿದ್ದರೆ ಇಂದು ಗುಜರಿಯ ಬಾಗಿಲು ಕಾಯಬೇಕಿರಲಿಲ್ಲ.’

ಈ ಕೊನೆಯ ವಾಕ್ಯ ಯಾರ ತಲೆಗೆ ಗುರಿಯಿಟ್ಟದ್ದೆಂದು ಗುಂಪಿನ ಇಪ್ಪತ್ತಾರು ಮಂದಿಗೂ ಗೊತ್ತು. ಎಂಜಿನ್ ಮಾರಿದವರು ತೀರ್ಥಹಳ್ಳಿ ಚಿಕ್ಕಪ್ಪ. ಅವರು ಅದನ್ನು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ನೆನಪಿನ ಗಂಟು ಬಿಚ್ಚಿದರು.

‘ಆ ಎಂಜಿನ್ನಿನ ಟ್ಯಾಪೆಟ್ ಸಂದು, ಅಂದರೆ ರಾಕರ್‌ಗೂ ವಾಲ್ವಿಗೂ ನಡುವಿನ ಕಿರುಜಾಗ, ಹೊಂದಿಸುವುದನ್ನು ನನಗೆ ಕಲಿಸಿದವರು ಅಪ್ಪನೇ. ಒಂಬತ್ತರ ಲೆಕ್ಕ ಎನ್ನುತ್ತಿದ್ದರು. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಬೇಕು, ಏಳು ತೆರೆದಾಗ ಎರಡು, ಆರಕ್ಕೆ ಮೂರು. ಎರಡೂ ಕೂಡಿದರೆ ಒಂಬತ್ತೇ ಬರಬೇಕು. ನಾನು ಹ್ಯಾಂಡಲ್ ತಿರುಗಿಸುವುದು, ಅವರು ಗೇಜು ಹಿಡಿದು “ಸಾಕು” ಎನ್ನುವುದು. ಅಣ್ಣ ಆಗ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ.’

ಭಾವನಿಗೆ ತನ್ನ ಸಂದೇಶ ಅನಾಥವಾದುದು ಸಹಿಸಲಿಲ್ಲ. ‘ಅಷ್ಟು ಚೆನ್ನಾಗಿ ಹೊಂದಿಸಿದ ಕಾರು ನನ್ನ ಮದುವೆಯ ದಿನ ದಿಬ್ಬಣದ ಸಮೇತ ತರೀಕೆರೆಯಲ್ಲಿ ಏಕೆ ನಿಂತಿತು? ಜಿಂಕ್ ಬಗ್ಗೆ ಪುಣೆಯವರು ಏನೂ ಹೇಳಲಿಲ್ಲವಲ್ಲ?’ ಎಂದು ಒಂದೇ ಉಸಿರಿನಲ್ಲಿ ಎರಡು ಬಾಣ ಬಿಟ್ಟರು. ಮದುವೆಯ ವಿಷಯಕ್ಕೆ ಹನ್ನೊಂದು ಉತ್ತರಗಳು ಬಂದವು, ಜಿಂಕ್ ವಿಷಯಕ್ಕೆ ಒಂದು, ಅದು ಅಕ್ಕನದು.

‘ಆಯಿಲ್‌ನಲ್ಲಿ ಜಿಂಕ್ ಇಲ್ಲವೆಂಬುದು ತಪ್ಪು, ಕಡಿಮೆಯಾಗಿದೆ ಎಂಬುದು ಅರ್ಧ ಸರಿ. ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು, ಜಿಂಕ್‌ನ ಜೊತೆಗೇ ಬರುವ ರಂಜಕಕ್ಕೆ ಎಪಿಐ ಎಸ್‌ಎನ್ ಎಂಬ ಆಯಿಲ್ ದರ್ಜೆಯಲ್ಲಿ ಶೇ 0.08ರ ಮಿತಿ ಹಾಕಿದ್ದಾರೆ. ಆ ಮಿತಿ 10ಡಬ್ಲ್ಯು-30 ಮತ್ತು ಅದಕ್ಕಿಂತ ತೆಳುವಾದ ಆಯಿಲ್‌ಗಳಿಗೆ ಮಾತ್ರ. ಅಂಬಾಸಿಡರ್‌ಗೆ ಹಾಕುವ ದಪ್ಪನೆಯ 20ಡಬ್ಲ್ಯು-50ಕ್ಕೆ ಅದು ಅನ್ವಯಿಸುವುದಿಲ್ಲ. ಆಯಿಲಿಗಿಂತ ಪೆಟ್ರೋಲಿನ ಕಡೆ ಗಮನವಿರಲಿ: 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಸಿಗುತ್ತಿರುವುದು. ವಾಲ್ವ್ ಕೂರುವ ಸೀಟನ್ನು ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಈ ಎಂಜಿನ್ನಿನಲ್ಲಿ ವಾಲ್ವ್ ಸೀಟನ್ನು ಹೆಡ್ಡಿನ ಬೀಡುಕಬ್ಬಿಣದಲ್ಲೇ ಕೊರೆದಿರುತ್ತಾರೆ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸೀಟು ಮೆಲ್ಲಗೆ ಒಳಕ್ಕೆ ಇಳಿಯುತ್ತದೆ, ಟ್ಯಾಪೆಟ್ ಸಂದು ಮುಚ್ಚುತ್ತ ಬರುತ್ತದೆ. ಟ್ಯಾಪೆಟ್ ಸದ್ದು ನಿಂತಿತೆಂದು ಸಂತೋಷಪಟ್ಟರೆ ವಾಲ್ವ್ ಪೂರ್ತಿ ಮುಚ್ಚಲಾಗದೆ ಸುಟ್ಟುಹೋಗುತ್ತದೆ. ನಂಬರ್ ಹಾಕಿದ್ದಾರೆಯೇ ಎಂಬ ಪ್ರಶ್ನೆಗೆ ತಮ್ಮ ಇನ್ನೂ ಉತ್ತರಿಸಿಲ್ಲ.’

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಗುಜರಿಯವನು ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಟ್ಯಾಪೆಟ್‌ಗಳನ್ನೆಲ್ಲ ಹೊರಗೆಳೆದು, ‘ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟಿದ್ದೇನೆ ಸಾರ್’ ಎಂದು ಹೆಮ್ಮೆಯಿಂದ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟಿದ್ದ. ನಾನು ಆ ಚೀಲದ ಫೋಟೋ ಹಾಕಿದೆ.

ಅಕ್ಕ ಸ್ಟೀಲ್ ಸ್ಕೇಲಿನ ಅಂಚನ್ನು ಒಂದೊಂದರ ತಳಕ್ಕೂ ಇಟ್ಟು ಬೆಳಕಿಗೆ ಹಿಡಿಯಲು ಹೇಳಿದಳು. ಅಂಚಿನಲ್ಲಿ ಬೆಳಕು ತೂರಿದರೆ ಉಬ್ಬು ಉಳಿದಿದೆ, ನಡುವೆ ತೂರಿದರೆ ತಗ್ಗು ಬಿದ್ದಿದೆ ಎಂದು ಅರ್ಥವಂತೆ. ಎಂಟರಲ್ಲಿ ಐದರ ನಡುವೆ ಬೆಳಕು ಕಂಡಿತು. ಒಂದರ ತಳದಲ್ಲಂತೂ ಉಂಗುರದಂಥ ಗುರುತಿನ ಬದಲು ಉಗುರಿನಲ್ಲಿ ಗೀರಿದಂತೆ ಒಂದೇ ಗೆರೆ; ಅದು ತಿರುಗುವುದನ್ನೇ ಬಿಟ್ಟಿತ್ತು.

‘ಹಾಗಾದರೆ ಎಂಟೂ ಹೊಸ ಟ್ಯಾಪೆಟ್, ಅದಕ್ಕೆ ಹೊಸದೋ ಮರುಗ್ರೈಂಡ್ ಮಾಡಿಸಿದ್ದೋ ಒಂದು ಕ್ಯಾಮ್. ಮೊದಲ ಸಲ ಚಾಲೂ ಮಾಡಿದಾಗ ಐಡ್ಲಿಂಗ್‌ಗೆ ಬಿಡದೆ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಬೇಕು. ಉಳಿದದ್ದನ್ನು ಪರೀಕ್ಷಿಸಿ ಬಳಸಬಹುದು’ ಎಂದು ಅಕ್ಕ ತೀರ್ಪು ಕೊಟ್ಟಳು.

‘ಅಂದರೆ ನಾನು ಕಳಿಸಿದ್ದೇ ಸರಿಯೆಂದಾಯಿತು’ ಎಂದರು ಭಾವ. ಆಮೇಲೆ ಅದನ್ನು ತಾವು ಪೂರ್ತಿ ಓದಿರಲಿಲ್ಲವೆಂದು ನನಗೊಬ್ಬನಿಗೇ ಬೇರೆಯಾಗಿ ತಿಳಿಸಿದರು.

ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪ ಒಂದು ಫೋಟೋ ಹಾಕಿದರು: ಹಳೆಯ ಪತ್ರಿಕೆಯ ಮೇಲೆ ರಾಕರ್ ಶಾಫ್ಟು, ಪಕ್ಕದಲ್ಲಿ ಸಾಲಾಗಿ ಏಳು ಪುಶ್‌ರಾಡ್. ‘ಎಂಜಿನ್ ಮಾರಿದ್ದು ನಿಜ. ಅಪ್ಪನ ಕೈ ಆಡಿದ ಇವಿಷ್ಟನ್ನು ಬಿಚ್ಚಿಟ್ಟುಕೊಂಡಿದ್ದೆ. ಎಂಟನೆಯದನ್ನು ಅಣ್ಣ ತೆಗೆದುಕೊಂಡು ಹೋದವನು ಹಿಂದಿರುಗಿಸಿಲ್ಲ.’

ದೊಡ್ಡಪ್ಪ ಬಹಳ ಹೊತ್ತು ಟೈಪ್ ಮಾಡಿದರು.

‘ಅದು ಬಚ್ಚಲ ಒಲೆಯ ಕೆಂಡ ಕೆದಕಲು ಬಳಕೆಯಲ್ಲಿದೆ. ಇಂದಿಗೂ ನೆಟ್ಟಗಿದೆ, ಬೇಕಾದವರು ಗಾಜಿನ ಮೇಲೆ ಉರುಳಿಸಿ ನೋಡಿಕೊಳ್ಳಬಹುದು.’